ಮೊಮ್ಮಗನ ಸೀರೆ, ತಮ್ಮನ ಶಾಲು

ನನಗೆ ಸಿಟ್ಟು ಬಂದದ್ದು ಕಳೆದ ವಾರ. ಇನ್ನೂ ಇಳಿದಿಲ್ಲ. ಇಳಿಯುವ ಲಕ್ಷಣ ಕಂಡರೆ ನಾನೇ ಮತ್ತೆ ಬಿಸಿ ಮಾಡಿಕೊಳ್ಳುತ್ತೇನೆ, ಹಿಂದಿನ ದಿನದ ಸಾರಿನ ಹಾಗೆ. ಎರಡನೇ ದಿನ ಎರಡಕ್ಕೂ ರುಚಿ ಹೆಚ್ಚು.

ವಿಷಯ ನನ್ನ ಮೊಮ್ಮಗನದು. ಐದು ವರ್ಷದ ಪೋರ. ಕೊಪ್ಪದ ನಮ್ಮ ಮನೆಯಲ್ಲಿ ಅವನು ಅವನಾಗಿಯೇ ಇರುವುದು ನಿದ್ದೆಯಲ್ಲಿ ಮಾತ್ರ. ಎದ್ದ ಕೂಡಲೇ ನನ್ನ ಕೈಚೀಲ ಹೆಗಲಿಗೇರಿಸಿ ಬಸ್ ಕಂಡಕ್ಟರ್. ನಾನು ದೇವರ ಮನೆಗೆ ಹೋಗುವುದಕ್ಕೂ ಟಿಕೆಟ್ ತೆಗೆಯಬೇಕು. "ಶೃಂಗೇರಿ, ಶೃಂಗೇರಿ, ಸೀಟಿದೆ ಬನ್ನಿ" ಎಂದು ಕೂಗಿ ಹತ್ತಿಸಿಕೊಂಡು, ಆಮೇಲೆ ನಿಲ್ಲಿಸಿಯೇ ಕರೆದೊಯ್ಯುತ್ತಾನೆ. ಆ ಮಟ್ಟಿಗೆ ಅಪ್ಪಟ ಕಂಡಕ್ಟರನೇ. ಸ್ವಲ್ಪ ಹೊತ್ತಿಗೆ ಕೊಡೆ ಬಿಚ್ಚಿಕೊಂಡು ನವಿಲು. ಮಧ್ಯಾಹ್ನದ ಮೇಲೆ ನನ್ನ ಹಳೆಯ ವಾಯಿಲ್ ಸೀರೆ ಸುತ್ತಿ, ಟವೆಲ್ಲಿನ ಜಡೆ ಇಳಿಬಿಟ್ಟು ರಾಣಿ. ನಾನು ದಾಸಿ. ಈ ವಯಸ್ಸಿನಲ್ಲಿ ನನಗೆ ಬೇರೆ ಯಾರು ಪಾತ್ರ ಕೊಡುತ್ತಾರೆ? ಖುಷಿಯಿಂದಲೇ ಒಪ್ಪಿಕೊಂಡಿದ್ದೆ.

ಆ ರಾಣಿಯ ದರ್ಬಾರಿಗೆ ಶೃಂಗೇರಿಯಿಂದ ನನ್ನ ತಮ್ಮ ಬಂದ, ಎರಡು ದಿನ ಇದ್ದು ಹೋಗಲೆಂದು. ಬಾಗಿಲಲ್ಲೇ ನಿಂತು ಗದರಿದ.

"ಎಂತದಾ ಮಾಣಿ ಇದು? ಗಂಡು ಹುಡ್ಗ ಸೀರೆ ಉಡ್ತಾನಾ? ನಾಚ್ಕೆ ಆಗಲ್ವಾ ನಿಂಗೆ?"

ಮಗು ಅಳಲಿಲ್ಲ. ಸೀರೆ ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಮಡಚಿ, ಮಂಚದ ಮೇಲಿಟ್ಟು ಒಳಗೆ ಹೋದ. ಜನ್ಮದಲ್ಲಿ ಒಂದು ಚಡ್ಡಿ ಮಡಚಿಟ್ಟವನಲ್ಲ. ಆ ಮಡಿಕೆ ಕಂಡು ನನ್ನ ಮೈಯೆಲ್ಲ ಉರಿಯಿತು.

ಇನ್ನು ಈ ತಮ್ಮನ ಸಂಗತಿ ಕೇಳಿ. ಅವನಿಗೆ ಯಕ್ಷಗಾನವೆಂದರೆ ಪ್ರಾಣ, ಅದರಲ್ಲೂ ಸ್ತ್ರೀವೇಷ. ಮೀಸೆ ಬೋಳಿಸಿಕೊಂಡ ಗಂಡಸೊಬ್ಬ ಸೀರೆ ಉಟ್ಟು ಒಂದು ವಾರೆನೋಟ ಬೀರಿದರೆ ಇವನು ವಾರಗಟ್ಟಲೆ ಹೊಗಳುತ್ತಾನೆ. ಹೆಂಗಸರೂ ಆ ವೇಷಧಾರಿಯನ್ನು ನೋಡಿ ಕಲಿಯಬೇಕಂತೆ. ನನಗೇ ಹೇಳಿದ್ದಾನೆ!

"ಮೇಳದವ್ರು ಉಟ್ರೆ ಕಲೆ, ನಮ್ಮ ಮಾಣಿ ಉಟ್ರೆ ನಾಚ್ಕೆಯೇನೋ?" ಎಂದೆ.

"ಅದು ರಂಗಸ್ಥಳ ಅಕ್ಕ, ಇದು ಮನೆ ಮಾರಾಯ್ತಿ."

"ಅವ್ರೇನು ರಂಗಸ್ಥಳದಲ್ಲೇ ಹುಟ್ಟಿದ್ರಾ?"

ಉತ್ತರ ಹೊಳೆಯದಾಗ ನಮ್ಮ ಕಡೆಯ ಗಂಡಸರು ಮಾಡುವುದನ್ನೇ ಅವನೂ ಮಾಡಿದ, ಕಾಫಿ ಕೇಳಿದ. ಕೊಟ್ಟೆ. ಸಕ್ಕರೆ ಹಾಕಲಿಲ್ಲ.

ಮರುದಿನ ಕಂಡಕ್ಟರ್ ಬರಲಿಲ್ಲ, ರಾಣಿಯೂ ಬರಲಿಲ್ಲ. ಊಟದ ಹೊತ್ತಿಗೆ ತಮ್ಮನ ಶಾಲು ಹೊದ್ದು, ಅವನ ಕನ್ನಡಕವನ್ನು ಮೂಗಿನ ತುದಿಗೆ ಸಿಕ್ಕಿಸಿಕೊಂಡು ಮೊಮ್ಮಗ ಹೊರಗೆ ಬಂದ. ಒಂದು ದಿಂಬನ್ನು ಗೋಡೆಗೆ ನಿಲ್ಲಿಸಿ, ಬೆರಳು ತೋರಿಸಿ ಗದರಿದ: "ಗಂಡು ಹುಡ್ಗ ಅಲ್ವಾ ನೀನು? ನಾಚ್ಕೆ ಆಗಲ್ವಾ?" ಅದೇ ಹುಬ್ಬು, ಅದೇ ಗಂಟಲು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಥೇಟ್ ನಾನೇ, ಅಕ್ಕ!"

ನನಗೆ ನಗು ಬರಲಿಲ್ಲ, ಹೆದರಿಕೆಯಾಯಿತು. ಉಳಿದ ವೇಷಗಳೆಲ್ಲ ಹಸಿವಾದ ಕೂಡಲೇ ತಾವಾಗಿ ಕಳಚಿ ಬೀಳುತ್ತಿದ್ದವು. ಇದು ಹಾಗಲ್ಲ. ನಮ್ಮ ಮನೆತನದ ಗಂಡಸರಲ್ಲಿ ಹೆಚ್ಚಿನವರು ಈ ವೇಷವನ್ನು ಚಿಕ್ಕಂದಿನಲ್ಲೇ ಕಟ್ಟಿದವರು. ಬಿಚ್ಚಿದ್ದನ್ನು ನಾನಂತೂ ನೋಡಿಲ್ಲ.

ಬಾಳೆಲೆ ಹಾಕಿ ಕರೆದೆ.

"ವೇಷ ಬಿಚ್ಚಿಟ್ಟು ಊಟಕ್ಕೆ ಬನ್ನಿ. ಇಬ್ರೂ."