ಬೆನ್ನು ತಿರುಗಿಸಿ ಮಾಡಿದ ರಿಪೇರಿ

2023ರ ಡಿಸೆಂಬರ್ ತಿಂಗಳು. ಆಗ ನಾನು ಮಂಗಳೂರಿನ ಕಂಕನಾಡಿಯಲ್ಲಿ, ಮಾರ್ಕೆಟ್ಟಿನ ಹಿಂದಿನ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಕಂಪ್ಯೂಟರ್ ಸರ್ವಿಸ್ ಸೆಂಟರ್ ನಡೆಸುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಚಹಾ ಬಿದ್ದ ಕೀಬೋರ್ಡು, ಆಸ್ಪತ್ರೆಗಳ ಬಿಲ್ಲಿಂಗ್ ಕಂಪ್ಯೂಟರು, ಪರೀಕ್ಷೆಯ ಹಿಂದಿನ ದಿನವೇ ಕೈಕೊಡುವ ವಿದ್ಯಾರ್ಥಿಗಳ ಲ್ಯಾಪ್‌ಟಾಪು, ಎಲ್ಲವನ್ನೂ ರಿಪೇರಿ ಮಾಡುತ್ತಿದ್ದೆ. ಒಂದು ಕೆಲಸವನ್ನು ಮಾತ್ರ ಒಪ್ಪಿಕೊಳ್ಳುತ್ತಿರಲಿಲ್ಲ. ಅದಕ್ಕೆ ನಮ್ಮ ಲೈನಿನಲ್ಲಿ ಹ್ಯಾಕಿಂತಾಶ್ ಎನ್ನುತ್ತಾರೆ.

ಮ್ಯಾಕ್ ಕಂಪ್ಯೂಟರುಗಳಿಗಾಗಿಯೇ ಮಾಡಿದ ಮ್ಯಾಕ್‌ಒಎಸ್ ಅನ್ನು, ಬಿಡಿಭಾಗ ಜೋಡಿಸಿದ ಸಾಮಾನ್ಯ ಪಿಸಿಯ ಮೇಲೆ ಓಡಿಸುವುದೇ ಹ್ಯಾಕಿಂತಾಶ್. ತಯಾರಕರ ಒಪ್ಪಂದದ ಪ್ರಕಾರ ಇದು ಸಲ್ಲದ ಕೆಲಸ. ಆದರೂ ವಿಡಿಯೊ ಎಡಿಟಿಂಗ್ ಮಾಡುವವರಲ್ಲಿ ಇದರ ಹುಚ್ಚು ಇತ್ತು. ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಎದ್ದು ಉಳಿದದ್ದನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎಂದು ಹೆಸರು. ಓಪನ್‌ಕೋರ್ ಎಂಬ ಬೂಟ್‌ಲೋಡರ್, ಈ ಪಿಸಿಯೂ ಮ್ಯಾಕೇ ಎಂದು ಮ್ಯಾಕ್‌ಒಎಸ್ಸನ್ನು ನಂಬಿಸುತ್ತದೆ. ಆ ನಂಬಿಕೆ ಮುಂದಿನ ಅಪ್‌ಡೇಟಿನವರೆಗೆ ಮಾತ್ರ. ಹಾಕಿಕೊಟ್ಟ ಪುಣ್ಯಾತ್ಮ ಅಷ್ಟರಲ್ಲಿ ಊರು ಬಿಟ್ಟಿರುತ್ತಾನೆ, ಬೈಗುಳ ನಮ್ಮ ಪಾಲಿಗೆ ಬರುತ್ತದೆ. ಅದಕ್ಕೇ ನಾನು ಆ ಉಸಾಬರಿ ಬಿಟ್ಟಿದ್ದೆ.

ಒಂದು ಬೆಳಿಗ್ಗೆ ನಾನು ಶಟರ್ ಎತ್ತುವಾಗಲೇ ಸಫಿಯಾ ಮೆಟ್ಟಿಲಲ್ಲಿ ನಿಂತಿದ್ದರು. ವಾಮಂಜೂರಿನವರು, ಮದುವೆ ವಿಡಿಯೊ ಎಡಿಟ್ ಮಾಡುವವರು. ಅವರ ಪ್ರಿಂಟರನ್ನು ನಾನು ಹಿಂದೆ ರಿಪೇರಿ ಮಾಡಿದ್ದೆ.

"ಸುಧಾಕರಣ್ಣ, ಕಂಪ್ಯೂಟರ್ ಏಳುದಿಲ್ಲ. ಮ್ಯಾಕ್ ಹಾಕಿದ ಪಿಸಿ. ಅಪ್‌ಡೇಟ್ ಕೊಟ್ಟದ್ದು, ಆಫ್ ಆಗಿ ಆನ್ ಆಯ್ತು, ಮತ್ತೆ ಎಂತದೂ ಇಲ್ಲ."

ನನ್ನ ಮುಖ ಆಗಲೇ ಗಂಟಿಕ್ಕಿತ್ತು. "ಸಿಪಿಯು ಬಾಕ್ಸ್ ಎಲ್ಲಿ ಉಂಟು?"

"ಮನೆಯಲ್ಲೇ ಉಂಟು. ಅದನ್ನು ಹೊರಗೆ ತರ್ಲಿಕ್ಕಿಲ್ಲ."

"ಬಾಕ್ಸ್ ತರದೆ ನಾನೆಂತ ಇಲ್ಲಿಂದಲೇ ಮಂತ್ರ ಹಾಕುದಾ ಮಾರಾಯ್ರೆ?"

ಅವರು ನಗಲಿಲ್ಲ. ಕುರ್ಚಿಯಲ್ಲಿ ಕೂತು, ನೀರು ಕುಡಿದು, ವಿಷಯ ಹೇಳಿದರು. ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಗಳ ಮದುವೆಯಲ್ಲಿ ಹೆಂಗಸರ ಕಡೆಯ ವಿಡಿಯೊ ತೆಗೆಯುವುದು ಹೆಂಗಸರೇ. ಗಂಡಸರ ಕಣ್ಣಿಗೆ ಅದು ಬೀಳಕೂಡದು ಎಂದು ಅನೇಕ ಮನೆಗಳಲ್ಲಿ ಕಟ್ಟುನಿಟ್ಟು. ಸಫಿಯಾ ಅವರಿಗೆ ಇಷ್ಟು ಮನೆಗಳು ಕೆಲಸ ಕೊಡುವುದೇ ಅವರು ಈ ವಿಷಯದಲ್ಲಿ ಮಾತು ತಪ್ಪುವುದಿಲ್ಲ ಎಂದು. ಚಿತ್ರೀಕರಣ ಮುಗಿದ ಮೇಲೆ ವಧುವಿನ ತಾಯಿಯನ್ನು ಮನೆಗೆ ಕರೆದು, ಅವರ ಎದುರೇ ಮೆಮರಿ ಕಾರ್ಡನ್ನು ತಮ್ಮ ಕಂಪ್ಯೂಟರಿಗೆ ಇಳಿಸಿ, ಅವರ ಎದುರೇ ಕಾರ್ಡನ್ನು ಅಳಿಸುತ್ತಾರೆ. ಆಮೇಲೆ ಜಗತ್ತಿನಲ್ಲಿ ಉಳಿಯುವುದು ಒಂದೇ ಪ್ರತಿ. ಅದು ಆ ಕಂಪ್ಯೂಟರಿನಲ್ಲಿ, ಪಾಸ್‌ವರ್ಡಿನ ಬೀಗ ಹಾಕಿದ ಡಿಸ್ಕಿನೊಳಗೆ.

ಬ್ಯಾಕಪ್ ಎಂಬ ಪದವನ್ನು ದಿನಕ್ಕೆ ನೂರು ಸಲ ಉಚ್ಚರಿಸುವವನು ನಾನು. ಎರಡನೇ ಪ್ರತಿ ಇಲ್ಲದಿರುವುದೇ ಇಲ್ಲಿ ನಂಬಿಕೆಯ ಗುರುತು!

"ಕಾರ್ಡ್ ಕೊಡಿ, ಅಳಿಸಿದ್ದನ್ನು ತೆಗೀಲಿಕ್ಕೆ ನೋಡುವ."

"ಅದರ ಮೇಲೆ ಮತ್ತೆರಡು ಮದುವೆ ಆಯ್ತಲ್ಲ ಅಣ್ಣ."

ಮತ್ತೆ ಅವರು ನಿಜವಾದ ಸಂಕಟ ಹೇಳಿದರು. ಮದರಂಗಿಯ ದಿನ ವಧುವಿನ ಅಜ್ಜಿ, ಎಲ್ಲರೂ ಒತ್ತಾಯ ಮಾಡಿದ್ದಕ್ಕೆ, ಹಳೆಯ ಮದುವೆ ಹಾಡೊಂದನ್ನು ಪೂರ್ತಿ ಹಾಡಿದ್ದರು. ಮದುವೆ ಮುಗಿದು ವಾರದೊಳಗೆ ಅಜ್ಜಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಹೋಯಿತು. ಆ ಅಜ್ಜಿಯ ದನಿ ಈಗ ಇರುವುದು ಆ ಡಿಸ್ಕಿನಲ್ಲಿ ಮಾತ್ರ. ಮದುಮಗಳು ಮರುದಿನ ಗಂಡನ ಜತೆ ದುಬೈಗೆ ಹೊರಡುವವಳು. ಹೊರಡುವ ಮುಂಚೆ ಅಜ್ಜಿಯ ಪಕ್ಕ ಕೂತು ಆ ಹಾಡು ಕೇಳಿಸಬೇಕೆಂದು ಅವಳ ಆಸೆ. ಅವಳ ತಾಯಿ ಜಮೀಲಾ ಸಂಜೆ ಆ ಹಾಡು ಹಾಕಿದ ಪೆನ್‌ಡ್ರೈವ್ ಒಯ್ಯಲು ಬರುವವರಿದ್ದರು.

"ಬೇರೆ ಒಬ್ಬರಿಗೆ ಫೋನ್ ಮಾಡಿ ಕೇಳಿದೆ. ರಿಕವರಿಯಲ್ಲಿ ಎರೇಸ್ ಕೊಟ್ಟು ಹೊಸತಾಗಿ ಇನ್‌ಸ್ಟಾಲ್ ಮಾಡಿ, ಅರ್ಧ ಗಂಟೆಯ ಕೆಲಸ ಅಂದ್ರು. ಮೌಸ್ ಅಲ್ಲಿಗೆ ಹೋಗಿತ್ತು. ಒತ್ತಲಿಕ್ಕೆ ಕೈ ಬರ್ಲಿಲ್ಲ."

ಆ ಕೈಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಒತ್ತಿದ್ದರೆ ಡಿಸ್ಕ್ ಪೂರ್ತಿ ಅಳಿದು, ನನ್ನ ತನಕ ಬರುವ ಅಗತ್ಯವೇ ಇರಲಿಲ್ಲ.

ನನ್ನ ಹತ್ತಿರ ನಿಜವಾದ ಮ್ಯಾಕ್ ಲ್ಯಾಪ್‌ಟಾಪ್ ಇತ್ತು. ಡಿಸ್ಕನ್ನು ಕಳಚಿ ಅದಕ್ಕೆ ಸಿಕ್ಕಿಸಿದರೆ, ಸಫಿಯಾ ಪಾಸ್‌ವರ್ಡ್ ಹೊಡೆದು ಫೈಲುಗಳನ್ನು ತೆಗೆದುಕೊಳ್ಳಬಹುದು. ಬುದ್ಧಿವಂತಿಕೆಯ ದಾರಿ ಅದೇ. ಬೇಕಾದರೆ ಅವರ ಮನೆಯಲ್ಲೇ ಮಾಡುವ ಎಂದೆ. ಸಫಿಯಾ ಅಲ್ಲಿಂದಲೇ ಜಮೀಲಾ ಅವರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಕೇಳಿದರು. ಜಮೀಲಾ ಪೂರ್ತಿ ಕೇಳಿಸಿಕೊಂಡು ಹೇಳಿದರು:

"ಬೇರೆ ಮೆಷಿನಿಗೆ ಹಾಕುದಾದರೆ ಬೇಡ. ಎಷ್ಟು ಮನೆಯ ಹೆಣ್ಮಕ್ಕಳಿದ್ದಾರೆ ಅದರಲ್ಲಿ. ಎಲ್ಲರಿಗೂ ನಾನು ಮಾತು ಕೊಟ್ಟದ್ದು. ಹೋದ್ರೆ ಹೋಗ್ಲಿ ಸಫಿಯಾ."

ಹೋಗುವುದು ಅವರ ಸ್ವಂತ ತಾಯಿಯ ದನಿ. ನನಗೆ ಒಂದು ಕ್ಷಣ ಕೋಪವೇ ಬಂತು, ಇದೆಂಥ ಹಟ ಎಂದು. ಕೋಪ ಇಳಿದ ಮೇಲೆ ಆ ಹೆಂಗಸಿನ ಮೇಲೆ ಗೌರವ ಬಂತು. ಸಫಿಯಾ ಅವರ ಮೊಬೈಲಿನಲ್ಲಿದ್ದ ಮದರ್‌ಬೋರ್ಡ್ ಪೆಟ್ಟಿಗೆಯ ಫೋಟೊ ನೋಡಿ, ಆ ಬೋರ್ಡಿಗೆ ಹೊಂದುವ ಹೊಸ ಓಪನ್‌ಕೋರನ್ನು ಪೆನ್‌ಡ್ರೈವಿನಲ್ಲಿ ಸಿದ್ಧಮಾಡಿ, ಸ್ಕೂಟರ್ ಹತ್ತಿದೆ.

ವಾಮಂಜೂರಿನ ಅವರ ಮನೆಯ ಮಹಡಿಯ ಕೋಣೆಯ ಕಿಟಕಿ ಗದ್ದೆಗೆ ತೆರೆಯುತ್ತಿತ್ತು. ಸಫಿಯಾ ಅವರ ಗಂಡ ಹನೀಫ್, ಸೌದಿಯಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದು ರಜೆಯಲ್ಲಿ ಬಂದವರು, ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತರು. ನಮ್ಮ ಕರಾರು ಹೀಗಾಯಿತು: ಪಾಸ್‌ವರ್ಡ್ ಹೊಡೆಯುವುದು ಸಫಿಯಾ. ಡೆಸ್ಕ್‌ಟಾಪ್ ತೆರೆಯುವ ಸೂಚನೆ ಕಂಡ ಕೂಡಲೇ ನಾನು ತಿರುಗಿ ಕೂರಬೇಕು. ಅವರ ಎಡಿಟಿಂಗ್ ಸಾಫ್ಟ್‌ವೇರ್ ಕೊನೆಯ ಬಾರಿ ಎಲ್ಲಿ ನಿಂತಿತ್ತೋ ಅಲ್ಲಿಂದ ತಾನಾಗಿ ತೆರೆದುಕೊಳ್ಳುತ್ತದಂತೆ. ನನ್ನ ಕಡೆಯಿಂದ ಒಂದೇ ನಿಯಮ: ಕಂಪ್ಯೂಟರ್ ಸರಿಯಾಗಿ ಏಳುವ ತನಕ ಆ ಡಿಸ್ಕಿನ ಮೇಲೆ ನಾನು ಕೈಯಾರೆ ಒಂದಕ್ಷರವನ್ನೂ ಬರೆಯುವುದಿಲ್ಲ. ಮಾಡುವುದೆಲ್ಲ ಪೆನ್‌ಡ್ರೈವಿನಿಂದಲೇ.

ಬೂಟ್ ಆಗುವಾಗ ಒಳಗೆ ಏನೇನು ನಡೆಯುತ್ತದೆ ಎಂದು ಸಾಲುಸಾಲಾಗಿ ತೋರಿಸುವ ವರ್ಬೋಸ್ ಮೋಡ್ ಹಾಕಿದೆ. ಸಫಿಯಾ ಪಾಸ್‌ವರ್ಡ್ ಹೊಡೆದರು. ಕಪ್ಪು ಪರದೆಯಲ್ಲಿ ಬಿಳಿ ಸಾಲುಗಳು ಓಡಿ, ಎಕ್ಸಿಟ್‌ಬಿಎಸ್ ಎಂಬ ಸಾಲಿಗೆ ಬಂದು ನಿಂತವು. ಬೂಟ್‌ಲೋಡರ್ ಕೈಬಿಟ್ಟು ಮ್ಯಾಕ್‌ಒಎಸ್ ಕೈಹಿಡಿಯಬೇಕಾದ ಜಾಗ ಅದು. ಹಳೆಯ ಓಪನ್‌ಕೋರ್ ಹೊಸ ಅಪ್‌ಡೇಟಿಗೆ ಹೊಂದದಿದ್ದರೆ ಅಲ್ಲೇ ನಿಲ್ಲುವುದುಂಟು. ಇಷ್ಟೇ ತಾನೇ ಎಂದು ಹುರುಪಿನಲ್ಲಿ ನನ್ನ ಪೆನ್‌ಡ್ರೈವ್ ಹಾಕಿ ಹೊಸ ಓಪನ್‌ಕೋರ್‌ನಿಂದ ಎಬ್ಬಿಸಿದೆ.

ಅದೇ ಸಾಲು. ಅದೇ ಜಾಗ.

ಒಂದೊಂದೇ ಆಯ್ಕೆ ಬದಲಿಸುತ್ತ ಹೋದೆ. ಪ್ರತಿ ಸಲ ಸಫಿಯಾ ಪಾಸ್‌ವರ್ಡ್ ಹೊಡೆಯುವರು, ಸಾಲುಗಳು ಓಡುವವು, ಅಲ್ಲೇ ನಿಲ್ಲುವವು. ಊಟದ ಹೊತ್ತು ಕಳೆಯಿತು. ಪಾಸ್‌ವರ್ಡೂ ಎರಡು ಬಾರಿ ತಪ್ಪಾಯಿತು. ಡಿಸ್ಕೇ ಸಾಯುತ್ತಿದೆಯೇ ಎಂಬ ಸಂಶಯ ನನ್ನನ್ನು ಹೊಕ್ಕಿತು. ಹಾಗಿದ್ದರೆ ನಾನು ಮಾಡುವ ಪ್ರತಿಯೊಂದು ಪ್ರಯತ್ನವೂ ಅದನ್ನು ಇನ್ನಷ್ಟು ಬೇಗ ಮುಗಿಸುತ್ತದೆ. ಅದನ್ನು ಅವರಿಗೆ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ.

ನಮ್ಮದು ಮೀನುಗಾರರ ಮನೆ. ಬಲೆ ನೀರಿನಡಿ ಸಿಕ್ಕಿಕೊಂಡರೆ ಎಳೆಯಬಾರದು, ಎಲ್ಲಿ ಸಿಕ್ಕಿದೆ ಎಂದು ಮೊದಲು ತಿಳಿಯಬೇಕು ಎಂದು ಅಪ್ಪ ಬೈಯುತ್ತಿದ್ದರು. ನಾನು ಬೆಳಗಿನಿಂದ ಎಳೆಯುತ್ತಲೇ ಇದ್ದೆ. ಎಳೆಯುವುದನ್ನು ಬಿಟ್ಟು, ಮೊದಲಿಂದ ನೋಡುವ ಎಂದು ಬಯೋಸ್ ತೆರೆದೆ. ಮ್ಯಾಕ್, ವಿಂಡೋಸ್ ಯಾವುದೂ ಏಳುವ ಮುಂಚೆ ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಜಾಗ ಅದು. ಮೂಲೆಯಲ್ಲಿ ದಿನಾಂಕ ಇತ್ತು. ಜನವರಿ ಒಂದು, ಅದೂ ಕೆಲವು ವರ್ಷ ಹಿಂದಿನದು.

ಡಿಸೆಂಬರ್ ತಿಂಗಳಲ್ಲಿ ಕೆಲಸ ಮಾಡುತ್ತಿದ್ದ ಕಂಪ್ಯೂಟರು ತಾನಾಗಿ ಜನವರಿಗೆ ಹೋಗುವುದಿಲ್ಲ. ನಾನು ತಿರುಗಿ ಹನೀಫ್ ಅವರನ್ನು ನೋಡಿದೆ.

"ಹನೀಫ್‌ಚ, ಇದನ್ನು ಯಾರಾದ್ರೂ ಬಿಚ್ಚಿದ್ದುಂಟಾ?"

"ಬಿಚ್ಚಿದ್ದು ಅಂತ ಇಲ್ಲ. ಆ ಸಣ್ಣ ಸೆಲ್ ಉಂಟಲ್ಲ, ಅದನ್ನು ಒಮ್ಮೆ ತೆಗ್ದು ಹಾಕಿದ್ದು. ಏಳದಿದ್ರೆ ಎಲ್ಲರೂ ಅದನ್ನೇ ಮಾಡುದಲ್ವಾ?"

"ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೀರಿ ಮಾರಾಯ್ರೆ! ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?"

"ನೀವು ಕೇಳ್ಲಿಲ್ಲ."

ಕೇಳಿರಲಿಲ್ಲ, ನಿಜ. ಸಾಮಾನ್ಯ ಪಿಸಿಯಲ್ಲಿ, ದಿನಾಂಕ ಮತ್ತು ಸೆಟ್ಟಿಂಗ್ ನೆನಪಿಡಲು ಬೋರ್ಡಿಗೆ ಶಕ್ತಿ ಕೊಡುವ ಆ ಸೆಲ್ ತೆಗೆದು ಹಾಕುವುದು ನಮ್ಮೂರಿನಲ್ಲಿ ಪ್ರತಿಯೊಬ್ಬರಿಗೂ ಗೊತ್ತಿರುವ ಮೊದಲ ಮದ್ದು. ನಾನೂ ಮಾಡುತ್ತೇನೆ. ಹ್ಯಾಕಿಂತಾಶ್‌ಗೆ ಅದು ವಿಷ. ಸೆಲ್ ತೆಗೆದ ಕೂಡಲೇ ಬಯೋಸಿನ ಸೆಟ್ಟಿಂಗ್‌ಗಳೆಲ್ಲ ಕಾರ್ಖಾನೆಯಿಂದ ಬಂದ ಹಾಗೆ ಆಗಿಬಿಡುತ್ತವೆ. ಮೊದಲು ಆದದ್ದು ಅಪ್‌ಡೇಟಿನ ತೊಂದರೆ, ಅದರ ಮೇಲೆ ಕೂತದ್ದು ಇದು. ಮೊದಲನೆಯದನ್ನು ನನ್ನ ಪೆನ್‌ಡ್ರೈವ್ ಆಗಲೇ ಸರಿಮಾಡಿತ್ತು, ಎರಡನೆಯದು ಅಡ್ಡ ನಿಂತಿದ್ದರಿಂದ ಗೊತ್ತಾಗಲಿಲ್ಲ.

ಸಿಎಫ್‌ಜಿ ಲಾಕ್ ಎಂಬುದನ್ನು ತೆಗೆದೆ. ಅದು ಪ್ರೊಸೆಸರಿನ ಕೆಲವು ಭಾಗಗಳನ್ನು ಮ್ಯಾಕ್‌ಒಎಸ್ ಮುಟ್ಟದಂತೆ ತಡೆಯುವ ಬೀಗ. ಈ ಸಲ ಸಾಲುಗಳು ಆ ಜಾಗ ದಾಟಿದವು! ಸಫಿಯಾ ಕುರ್ಚಿಯಿಂದ ಅರ್ಧ ಎದ್ದರು. ಸ್ವಲ್ಪ ಮುಂದೆ ಹೋಗಿ, ಗ್ರಾಫಿಕ್ಸ್ ಕಾರ್ಡಿನಂಥ ಭಾಗಗಳನ್ನು ಗುರುತಿಸುವ ಪಿಸಿಐ ಎಂಬ ಸಾಲಿನಲ್ಲಿ ಮತ್ತೆ ನಿಂತಿತು. ಅವರು ಕೂತುಬಿಟ್ಟರು. ನನಗೆ ಮಾತ್ರ ಜೀವ ಬಂದಿತ್ತು. ಬೇರೆ ಜಾಗದಲ್ಲಿ ನಿಂತಿತೆಂದರೆ ಡಿಸ್ಕ್ ಸತ್ತಿಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಮೆಮರಿಯಲ್ಲಿ ಹೆಚ್ಚು ಜಾಗ ಬಿಟ್ಟುಕೊಡುವ ಎಬೌವ್ ಫೋರ್‌ಜಿ ಎಂಬ ಸೆಟ್ಟಿಂಗ್ ಆನ್ ಮಾಡಿ, ಇನ್ನೊಮ್ಮೆ ಎಬ್ಬಿಸಿದೆ.

ಪರದೆ ಕಪ್ಪಾಯಿತು. ಮತ್ತೆ ಸೇಬಿನ ಗುರುತು, ಕೆಳಗೆ ತೆಳ್ಳನೆಯ ಗೆರೆ. ಅರ್ಧಕ್ಕೆ ನಿಂತಿದ್ದ ಅಪ್‌ಡೇಟ್ ತಾನಾಗಿ ಮುಂದುವರಿಯತೊಡಗಿತ್ತು. ಈಗ ಏನಾದರೂ ಕೆಟ್ಟರೆ ನನ್ನ ಕೈಯಲ್ಲಿ ಏನೂ ಇಲ್ಲ.

ಸಂಜೆ ನಮಾಜಿಗೆ ಕರೆಯುವ ಅಸರ್ ಬಾಂಗ್ ಕೇಳುವ ಹೊತ್ತಿಗೆ ಜಮೀಲಾ ಬಂದರು. ಗೆರೆ ಮುಕ್ಕಾಲು ದಾರಿಯಲ್ಲಿ ನಿಂತಿತ್ತು. ಅವರು ಗೋಡೆಗೆ ಆತು ನಿಂತು ಆ ಗೆರೆಯನ್ನೇ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, "ತೆರೆದ ಮೇಲೆ ನೀವು ನೋಡ್ತೀರಾ?" ಎಂದರು.

"ಇಲ್ಲಮ್ಮ. ನೋಡುದಿಲ್ಲ."

ಗೆರೆ ಅಲುಗಿತು. ಪರದೆ ಮತ್ತೊಮ್ಮೆ ಕಪ್ಪಾಗಿ, ಪಾಸ್‌ವರ್ಡಿನ ಚೌಕ ಬಂತು.

"ಅಣ್ಣ, ತಿರುಗಿ," ಎಂದರು ಸಫಿಯಾ.

ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿದೆ. ಹನೀಫ್ ಆಗಲೇ ಮೆಟ್ಟಿಲು ಇಳಿದಿದ್ದರು. ಗದ್ದೆಯ ಕೊಯ್ಲಾಗಿ ಬರೀ ಕೂಳೆ ಉಳಿದಿತ್ತು, ಅದರ ನಡುವೆ ಎರಡು ಬೆಳ್ಳಕ್ಕಿ ನಡೆಯುತ್ತಿದ್ದವು. ನನ್ನ ವೃತ್ತಿಯಲ್ಲಿ ಅಷ್ಟು ಉದ್ದದ ಹೊತ್ತನ್ನು ನಾನು ಕಳೆದಿಲ್ಲ. ಕೀಲಿಗಳ ಟಕಟಕ, ಮೌಸಿನ ಕ್ಲಿಕ್, ಹೆಡ್‌ಫೋನಿನ ಪಿನ್ನು ಸಿಕ್ಕಿಸಿದ ಸಣ್ಣ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ. ಫೈಲು ತೆರೆಯಲಿಲ್ಲವೇ? ಚಿತ್ರ ಬಂದು ಧ್ವನಿ ಹೋಗಿದೆಯೇ?

ಹಿಂದಿನಿಂದ ಜಮೀಲಾ ಅವರ ಸ್ವರ ಬಂತು.

"ಉಂಟು," ಎಂದರು. ಅಷ್ಟೇ. ಮತ್ತೆ ಅವರು ಅಳುವುದು ಕೇಳಿಸಿತು. ನನಗೂ ಗದ್ದೆ ಮಂಜಾಗಿ ಕಂಡಿತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಎರಡು ದಿನದ ಬಳಿಕ ಸಫಿಯಾ ಫೋನ್ ಮಾಡಿದರು. ಮೊಮ್ಮಗಳು ಅಜ್ಜಿಯ ಕಿವಿಗೆ ಹೆಡ್‌ಫೋನ್ ಇಟ್ಟಳಂತೆ. ಅಜ್ಜಿ ಮೊದಲು ಯಾರೋ ಬೇರೆಯವರು ಹಾಡುತ್ತಿದ್ದಾರೆಂಬಂತೆ ಸುತ್ತ ನೋಡಿದರಂತೆ. ಹಾಡು ಮುಗಿಯುವಷ್ಟರಲ್ಲಿ, ಆಡಿಸಲು ಬರುವ ಕೈಯಿಂದ ಮಂಚದ ಪಟ್ಟಿಗೆ ತಾಳ ಹಾಕುತ್ತಿದ್ದರಂತೆ.

ಆ ದಿನದ ನಂತರ ನನ್ನ ಕೆಲಸದಲ್ಲಿ ಎರಡು ಬದಲಾವಣೆ ಆದವು. ಯಾವುದೇ ಯಂತ್ರ ಬಂದರೂ ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ, ಕೆಟ್ಟ ಮೇಲೆ ಯಾರು ಯಾರು ಇದನ್ನು ಮುಟ್ಟಿದ್ದಾರೆ, ಏನು ಮಾಡಿದ್ದಾರೆ ಎಂದು ಮನೆಮಂದಿಯನ್ನೆಲ್ಲ ಕೇಳುತ್ತೇನೆ, ಬಾಗಿಲ ಬಳಿ ಸುಮ್ಮನೆ ಕೂತವರನ್ನೂ. ಇನ್ನೊಂದು ಸಫಿಯಾ ಅವರೊಡನೆ ಕೂತು ಮಾಡಿದ ಏರ್ಪಾಡು. ಈಗ ಅವರು ಕಾರ್ಡ್ ಅಳಿಸುವ ಮುಂಚೆ ಎರಡನೇ ಪ್ರತಿಯೊಂದನ್ನು ಬೀಗ ಹಾಕಿದ ಡ್ರೈವಿಗೆ ಇಳಿಸಿ ವಧುವಿನ ತಾಯಿಯ ಕೈಗೇ ಕೊಡುತ್ತಾರೆ. ಡ್ರೈವ್ ತಾಯಿಯ ಕಪಾಟಿನಲ್ಲಿ, ಪಾಸ್‌ವರ್ಡ್ ಸಫಿಯಾ ಅವರ ತಲೆಯಲ್ಲಿ. ಒಬ್ಬರಿಲ್ಲದೆ ಇನ್ನೊಬ್ಬರು ತೆರೆಯುವಂತಿಲ್ಲ. ಈ ಏರ್ಪಾಡಿಗೆ ಮೊದಲು ಒಪ್ಪಿದವರು ಜಮೀಲಾ, ಎರಡನೇ ಮಗಳ ಮದುವೆಯಲ್ಲಿ.

ಜನರ ಬ್ಯಾಕಪ್ ಇಲ್ಲದ ಡಿಸ್ಕುಗಳನ್ನು ನೋಡಿ ಬೈಯುವುದನ್ನು ನಾನು ಪೂರ್ತಿ ಬಿಟ್ಟಿಲ್ಲ. ಆದರೆ ಬೈಯುವ ಮುಂಚೆ, ಅದರೊಳಗೆ ಏನಿದೆ, ಯಾರಿಗೆ ಯಾವ ಮಾತು ಕೊಟ್ಟಿದ್ದೀರಿ ಎಂದು ಕೇಳುತ್ತೇನೆ. ರಿಪೇರಿ ಮಾಡುವವನು ಆ ಮಾತನ್ನೂ ಉಳಿಸಿಕೊಡಬೇಕು. ಆ ಅಜ್ಜಿಯ ಹಾಡು ಹೇಗಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಉಳಿಸಿದ್ದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದು ಎಂದು ಯಾರಾದರೂ ಕೇಳಿದರೆ, ಅದನ್ನೇ ಹೇಳುತ್ತೇನೆ.