ಆರ್ಲಿಸಳ ರಾಮೊನ್

ಬೆಲ್‌ಫೋರ್ಡಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿ ಬಡಿಸಿದ ಆರ್ಲಿಸ್ ಬೇರೆನ್ಸ್‌ಳಿಗೆ ಬೇಸ್‌ಬಾಲ್ ಆಟ ಚೆನ್ನಾಗಿ ತಿಳಿಯುತ್ತಿತ್ತು. ಅದರ ಅಂಕಿಗಳು ಮಾತ್ರ ಏನು ಮಾಡಿದರೂ ತಲೆಗೆ ಹತ್ತುತ್ತಿರಲಿಲ್ಲ. ಚೆಂಡು ಎಸೆಯುವವನ ಹೆಸರಿನ ಮುಂದಿರುವ ಅಂಕಿ ಇಳಿದಷ್ಟೂ ಒಳ್ಳೆಯದು, ಬ್ಯಾಟು ಬೀಸುವವನದು ಏರಿದಷ್ಟೂ ಒಳ್ಳೆಯದು ಎಂದು ಓರಿನ್ ಸೆಡ್ಲಾಚೆಕ್ ಪ್ರತಿ ಏಪ್ರಿಲ್‌ನಲ್ಲೂ ಅವಳಿಗೆ ಹೊಸದಾಗಿ ಹೇಳಿಕೊಡುತ್ತಿದ್ದ. ಓರಿನ್ ಊರ ಮೈದಾನದಲ್ಲಿ ಮೂವತ್ತು ವರ್ಷದಿಂದ ಆಟದ ಅಂಕಿ ಬರೆಯುತ್ತಿದ್ದವನು. "ಒಂದು ಇಳೀಬೇಕು, ಒಂದು ಏರಬೇಕು. ಇಷ್ಟು ಗೊತ್ತಿದ್ರೆ ಸಾಕು ಕಣಮ್ಮ," ಎನ್ನುತ್ತಿದ್ದ. ಜೂನ್ ಬರುವ ಹೊತ್ತಿಗೆ ಇಳಿಯಬೇಕಾದ್ದು ಯಾವುದು ಎಂಬುದು ಅವಳಿಗೆ ಮರೆತುಹೋಗಿರುತ್ತಿತ್ತು.

ನದಿ ದಂಡೆಯ ಈ ಊರಿನ ತಂಡ ಅಮೆರಿಕದ ಬೇಸ್‌ಬಾಲ್ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲೊಂದು. ಎಲ್ಲೆಲ್ಲಿಂದಲೋ ಹತ್ತೊಂಬತ್ತು ಇಪ್ಪತ್ತರ ಹುಡುಗರು ಬರುತ್ತಾರೆ, ಒಂದು ಬೇಸಿಗೆ ಆಡುತ್ತಾರೆ. ಕಸುವಿದ್ದವರನ್ನು ಮೇಲಿನ ಊರಿಗೆ ಕರೆಸಿಕೊಳ್ಳುತ್ತಾರೆ, ಇಲ್ಲದವರು ಮನೆಗೆ ಹೋಗುತ್ತಾರೆ. ಇಲ್ಲಿಂದ ದೊಡ್ಡ ತಂಡದವರೆಗೆ ಏರಿದವರನ್ನು ಒಂದು ಕೈಯ ಬೆರಳಲ್ಲೇ ಎಣಿಸಿ ಮುಗಿಸಬಹುದು. ಈ ಹುಡುಗರಿಗೆ ಊರಿನವರು ಮನೆಯಲ್ಲೊಂದು ಕೋಣೆ ಬಿಟ್ಟುಕೊಡುವುದು ವಾಡಿಕೆ. ಆರ್ಲಿಸ್ ಕೆಲಸದಿಂದ ನಿವೃತ್ತಳಾದ ವರ್ಷ ಅವಳ ಮನೆಗೆ ಬಂದವನು ರಾಮೊನ್ ಉಬಿಯೆರಾ.

ಡೊಮಿನಿಕನ್ ದೇಶದ ಸಾನ್ ಪೆದ್ರೊ ಊರಿನ ಹೊರಗೆ, ಸಕ್ಕರೆ ಕಾರ್ಖಾನೆಯ ಕೇರಿಯಲ್ಲಿ ಹುಟ್ಟಿದವನು. ಚೆಂಡೆಸೆಯುವವನು. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಬೇಕಾದಷ್ಟು ಎತ್ತರ. ಮೊದಲ ರಾತ್ರಿ ಆರ್ಲಿಸ್ ಕೊಚ್ಚಿದ ಮಾಂಸದ ಮೇಲೆ ಆಲೂಗೆಡ್ಡೆಯ ಗುಂಡುಗಳನ್ನು ಜೋಡಿಸಿ ಓವನ್ನಿನಲ್ಲಿ ಬೇಯಿಸಿ ಬಡಿಸಿದಳು. ಅವನು ಅದರ ಮೇಲೆ ಕೆಚಪ್ಪನ್ನು ಹೊಳೆಯಂತೆ ಸುರಿದುಕೊಂಡು ಮಾತಾಡದೆ ತಿಂದ. ಮೂರನೇ ದಿನ ತಾನೇ ಅಡುಗೆಮನೆಗೆ ಬಂದು ಅನ್ನಕ್ಕಿಟ್ಟ. ಎಣ್ಣೆ ಹಾಕಿ, ಬೇಕೆಂದೇ ತಳ ಹಿಡಿಸಿ, ಆ ಕೆಂಪು ಹಕ್ಕಳೆಯನ್ನು ಸೌಟಿನಲ್ಲಿ ಕೆರೆದು ಮೊದಲ ಪಾಲನ್ನು ಅವಳ ತಟ್ಟೆಗೆ ಹಾಕಿದ.

"ನಲವತ್ತು ವರ್ಷದಿಂದ ನೀನು ಅನ್ನ ಸೀಸ್ತಾನೇ ಇದ್ದೀಯ," ಎಂದ ಅವಳ ಗಂಡ ಗೇಲನ್. "ಅದೊಂದು ವಿದ್ಯೆ ಅಂತ ನಂಗೆ ಯಾರೂ ಹೇಳೇ ಇರ್ಲಿಲ್ಲ ನೋಡು." ಗೇಲನ್ ಕಟಾವು ಯಂತ್ರಗಳನ್ನು ರಿಪೇರಿ ಮಾಡುವವನು. ಬೇಸ್‌ಬಾಲ್ ಎಂದರೆ ಕೂತು ನಿದ್ದೆ ಮಾಡುವುದಕ್ಕೆ ಟಿಕೆಟ್ಟು ಕೊಡುವ ಜಾಗ ಎಂಬುದು ಅವನ ಅಭಿಪ್ರಾಯ.

ಜುಲೈನಲ್ಲಿ ರಾಮೊನ್‌ನ ಮೊಣಕೈ ಊದಿಕೊಂಡಿತು. ಚಿಕಿತ್ಸೆಗೆಂದು ಅವನನ್ನು ಫ್ಲಾರಿಡಾಕ್ಕೆ ಕಳುಹಿಸಿದರು. ಹೊರಡುವಾಗ ಕಾರಿನ ಪಕ್ಕ ನಿಂತು ಅವನು ತನ್ನ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿದ. ಆರ್ಲಿಸಳಿಗೆ ಅಮ್ಮ ಎನ್ನುವ ಅರ್ಥದ "ಮಾಮೀ" ಎಂಬುದೊಂದು ಬಿಟ್ಟರೆ ಏನೂ ತಿಳಿಯಲಿಲ್ಲ. "ಹ್ಞೂಂ ಕಣಪ್ಪ, ಆಗ್ಲಿ," ಎಂದಳು. ಏನಕ್ಕೆ ಹ್ಞೂಂ ಎಂದೆನೋ ಎಂದು ಆಮೇಲೆ ವಾರಗಟ್ಟಲೆ ಯೋಚಿಸಿದಳು.

ಅಲ್ಲಿಂದ ಮುಂದೆ ಬೆಳಗಿನ ಕಾಫಿ ಹಿಡಿದು ಹೊಲಿಗೆ ಕೋಣೆಯ ಕಂಪ್ಯೂಟರ್ ಮುಂದೆ ಕೂರುವುದು ಅವಳಿಗೆ ಅಭ್ಯಾಸವಾಯಿತು. ಯಾವ ಊರಿನಲ್ಲಿ ಯಾವ ಹುಡುಗ ಹೇಗೆ ಆಡಿದ ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಚಳಿಗಾಲ ಪೂರ್ತಿ ರಾಮೊನ್‌ನ ಪುಟ ಖಾಲಿ. ಮರುವರ್ಷ ಜೂನ್‌ನಲ್ಲಿ ಹೆಸರನ್ನು ಮತ್ತೊಮ್ಮೆ ಹುಡುಕಿದಾಗ ಸಿಕ್ಕಿಬಿಟ್ಟ: ರಾಮೊನ್ ಉಬಿಯೆರಾ, ಸಾನ್ ಪೆದ್ರೊ, ಇಪ್ಪತ್ತು ವರ್ಷ. ಫೋಟೊ ಇರಬೇಕಾದ ಜಾಗದಲ್ಲಿ ಬರೀ ಬೂದುಬಣ್ಣದ ತಲೆಯ ಆಕಾರ. ಆದರೆ ತಂಡ ಬೇರೆ, ಊರು ಮೊಂಟಾನಾದಲ್ಲೆಲ್ಲೋ, ಮತ್ತು ಅವನು ಚೆಂಡೆಸೆಯುತ್ತಿರಲಿಲ್ಲ. ಬ್ಯಾಟು ಬೀಸುತ್ತಿದ್ದ, ಎಡಗೈಯಲ್ಲಿ. ಎತ್ತರ ಐದಡಿ ಒಂಬತ್ತಂಗುಲ ಎಂದಿತ್ತು.

ಅವಳು ಇದೆಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಓರಿನ್‌ನ ಹತ್ತಿರ ಹೋದಳು.

"ಮೊಣಕೈ ಕೆಟ್ಟೋರ ಕೈಗೆ ಬ್ಯಾಟ್ ಕೊಡ್ತಾರಮ್ಮ," ಎಂದ ಓರಿನ್. "ಹಂಗೆ ಮಾಡಿದ್ರೆ ಕೆಳಗಿನ ಮೆಟ್ಲಿಂದ ಮತ್ತೆ ಶುರು. ತಂಡ ಬದಲಾಗೋದಂತೂ ದಿನಾ ಇದ್ದದ್ದೇ."

"ಎಡಗೈ ಅಂತಿದೆ. ಅವನು ಊಟ ಮಾಡ್ತಿದ್ದದ್ದು ಬಲಗೈಲಿ."

"ಎಸೆಯೋದು ಬಲಗೈ, ಬೀಸೋದು ಎಡಗೈ ಇರೋರು ಬೇಕಾದಷ್ಟು ಜನ ಇದ್ದಾರೆ."

"ಎತ್ತರ?"

ಓರಿನ್ ಕನ್ನಡಕ ಏರಿಸಿ ನೋಡಿದ. "ಬರೆದೋನು ತಪ್ಪು ಬರ್ದಿರ್ತಾನೆ. ನಾನೇ ಎಷ್ಟು ತಪ್ಪು ಬರ್ದಿದ್ದೀನೋ ದೇವ್ರಿಗೇ ಗೊತ್ತು."

ಮನೆಯಲ್ಲಿ ಗೇಲನ್ ಕೇಳಿ ನಕ್ಕ. "ಇಪ್ಪತ್ತಕ್ಕೇ ಕುಳ್ಳಗಾಗೋಕೆ ಅವನೇನು ನಮ್ಮಪ್ಪನಾ?"

ಆರ್ಲಿಸಳಿಗೂ ಒಳಗೊಳಗೆ ಏನೋ ಕಸಿವಿಸಿ. ಆದರೆ ಆ ಆಟದ ಅಂಕಿಗಳಲ್ಲಿ ತನಗೆ ಅರ್ಥವಾಗದ್ದು ನೂರಿರುವಾಗ ಇದು ನೂರಾ ಒಂದನೆಯದು ಎಂದುಕೊಂಡಳು. ಅಂದು ಅವನು ಎರಡು ಸಲ ಚೆಂಡನ್ನು ಬೇಲಿ ದಾಟಿಸಿದ್ದ. ಸಂತೋಷಪಡದೆ ಇರುವುದು ಹೇಗೆ? ರಾಮೊನ್‌ನ ಆಟದ ಅಂಕಿ ಬರೆದಿಡುತ್ತಿದ್ದ ನೋಟ್‌ಬುಕ್ಕಿನಲ್ಲಿ, ಹಳೆಯವುಗಳ ಕೆಳಗೇ, ಹೊಸದನ್ನು ಬರೆದಳು.

ಕಾಗದವನ್ನೂ ಬರೆದಳು. ಮೊಂಟಾನಾದ ಆ ಮೈದಾನದ ವಿಳಾಸಕ್ಕೆ ಓಟ್ಸ್ ಬಿಸ್ಕತ್ತಿನ ಡಬ್ಬಿ, ತಾನೇ ಹೆಣೆದ ಉಣ್ಣೆಯ ಕಾಲುಚೀಲ, ಫೆಬ್ರವರಿಯಲ್ಲಿ ಹುಟ್ಟುಹಬ್ಬದ ಕಾರ್ಡು. "ಮೊಣಕೈ ಹೇಗಿದೆ? ಗೇಲನ್ ಕೇಳಿದ ಅಂತ ಹೇಳು ಅಂದ. ಬೆಕ್ಕು ಈಗಲೂ ನಿನ್ನ ಹಾಸಿಗೆ ಮೇಲೇ ಮಲಗುತ್ತೆ." ಒಂದು ದಿನ ಟಪಾಲಿನಲ್ಲಿ ಬೇಸ್‌ಬಾಲ್ ಚೆಂಡೊಂದು ಬಂತು. ಅದರ ಮೇಲೆ ಸೊಟ್ಟ ಅಕ್ಷರದಲ್ಲಿ "ಥ್ಯಾಂಕ್ಯೂ ಮಾಮೀ ಆರ್ಲಿಸ್. ರಾಮೊನ್" ಎಂದಿತ್ತು. ಮಾಮೀ ಎಂಬುದನ್ನು ಅವಳೇ ಕಾಗದದ ಕೊನೆಯಲ್ಲಿ ಬರೆಯುತ್ತಿದ್ದಳು ಎಂಬುದು ಆಗ ಹೊಳೆಯಲಿಲ್ಲ. ಚೆಂಡನ್ನು ಗಾಜಿನ ಬೀರುವಿನಲ್ಲಿಟ್ಟಳು.

ಮೊಂಟಾನಾದಲ್ಲಿ ಎರಡು ಬೇಸಿಗೆ ಕಳೆದ ಮೇಲೆ ರಾಮೊನ್ ಉಬಿಯೆರಾ ಒಂದು ಮೆಟ್ಟಿಲು ಏರಿ ಬೆಲ್‌ಫೋರ್ಡ್ ಆಡುವ ಲೀಗಿಗೇ ಬಂದ, ಎದುರಾಳಿ ತಂಡದಲ್ಲಿ. ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಆ ತಂಡ ಬೆಲ್‌ಫೋರ್ಡಿಗೆ ಬರುವುದಿತ್ತು. ಆರ್ಲಿಸ್ ಚರ್ಚಿನ ಹೆಂಗಸರಿಗೆಲ್ಲ ಹೇಳಿ ಬೇಲಿಯ ಪಕ್ಕದ ಇಡೀ ಸಾಲು ಹಿಡಿಸಿದಳು. ಗೇಲನ್ ಕೂಡ ಒಗೆದ ಅಂಗಿ ತೊಟ್ಟು ಬಂದ.

ಆಟಕ್ಕೆ ಮುಂಚೆ ಆ ತಂಡದ ಹುಡುಗರು ಹುಲ್ಲಿನ ಮೇಲೆ ಮೈ ಸಡಿಲಿಸುತ್ತಿದ್ದರು. ಆರ್ಲಿಸ್ ಎತ್ತರದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಸಿಗಲಿಲ್ಲ. ಕೊನೆಗೆ ಎರಡೂ ಕೈ ಬಾಯಿಗಿಟ್ಟು ಕೂಗಿದಳು: "ರಾಮೊನ್!"

ಗಿಡ್ಡ, ದುಂಡು ಮೈಯ ಹುಡುಗನೊಬ್ಬ ತಿರುಗಿ ನೋಡಿದ. ಅವನ ಮುಖ ಅರಳಿತು. ಓಡಿ ಬಂದ.

"ಮಾಮೀ ಆರ್ಲಿಸ್! ನೀವೇನಾ?"

ಅವಳು ಅವನ ಹೆಗಲ ಮೇಲಿಂದ ಆಚೆ ನೋಡಿದಳು, ಹಿಂದೆ ಇನ್ನೊಬ್ಬ ಬರುತ್ತಿದ್ದಾನೇನೋ ಎಂದು. ಯಾರೂ ಇರಲಿಲ್ಲ. ಹುಡುಗ ಪ್ಯಾಂಟಿನ ಕಾಲನ್ನು ಮೇಲೆತ್ತಿ ತೋರಿಸಿದ. ಅವಳು ಹೆಣೆದ ಹಸಿರು ಕಾಲುಚೀಲ. ಅವನ ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ಉಬಿಯೆರಾ ಎಂದಿತ್ತು.

"ಏನೇ, ನಿನ್ನ ಹುಡುಗ ನಿಜವಾಗ್ಲೂ ಕುಳ್ಳಗಾಗಿದ್ದಾನಲ್ಲೇ," ಎಂದು ಗೇಲನ್ ಪಿಸುಗುಟ್ಟಿದ.

ಆರ್ಲಿಸ್ ಬೇಲಿಯ ಮೇಲಿಂದ ಹುಡುಗನ ಕೈ ಹಿಡಿದು, "ಚೆನ್ನಾಗಿದ್ದೀಯೇನಪ್ಪ," ಎಂದಳು. ಬೇರೇನು ಹೇಳಬೇಕು? ಐದನೇ ಸುತ್ತಿನಲ್ಲಿ ಅವನು ಚೆಂಡನ್ನು ಬಲಗಡೆಯ ಬೇಲಿಯಾಚೆಗೆ ಅಟ್ಟಿದ. ತಂಡದ ಬೆಂಚಿಗೆ ಮರಳುವಾಗ ಅವಳತ್ತ ಬೆರಳು ತೋರಿಸಿದ. ಸಾಲಿನ ಹೆಂಗಸರೆಲ್ಲ ಎದ್ದು ಕೂಗಿದರು, ತಮ್ಮೂರ ತಂಡ ಸೋಲುತ್ತಿದೆ ಎಂಬುದನ್ನೂ ಮರೆತು. ಆರ್ಲಿಸಳೂ ಚಪ್ಪಾಳೆ ತಟ್ಟಿದಳು. ಯಾರಿಗೆ ತಟ್ಟುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ. ಹಾಗಾದರೆ ಅವನೆಲ್ಲಿ? ಆ ಉದ್ದನೆಯವನು? ಎರಡು ವರ್ಷದಿಂದ ಎಲ್ಲಿದ್ದಾನೆ?

ತಂಡ ಮರುದಿನವೂ ಊರಲ್ಲೇ ಉಳಿಯುವುದಿತ್ತು. ಹಾಗಾಗಿ ಹುಡುಗನನ್ನು ಸಂಜೆಯ ಊಟಕ್ಕೆ ಕರೆದರು. ಅವನು ಅಡುಗೆಮನೆಯ ಕುರ್ಚಿಯಲ್ಲಿ ಕೂತು, ತಳ ಹಿಡಿದ ಅನ್ನ ನೋಡಿ, "ಇದು ನಿಮಗೆ ಯಾರು ಕಲಿಸಿದ್ರು?" ಎಂದು ಬೆರಗಾದ.

"ರಾಮೊನ್," ಎಂದಳು ಆರ್ಲಿಸ್.

ಹುಡುಗ ಚಮಚ ಕೆಳಗಿಟ್ಟ. "ನೀವು ಬೇರೆಯವನಿಗೆ ಬರೀತಿದ್ದೀರ ಅಂತ ನನಗೆ ಗೊತ್ತಿತ್ತು ಮಾಮೀ. ಮೊದಲ ವರ್ಷಾನೇ ಗೊತ್ತಾಯ್ತು. ನನ್ನ ಮೊಣಕೈಗೆ ಏನೂ ಆಗಿರ್ಲಿಲ್ಲ. ನಾನು ಹುಟ್ಟಿದ್ದು ಅಕ್ಟೋಬರ್‌ನಲ್ಲಿ. ಫೆಬ್ರವರೀಲಿ ಕಾರ್ಡು ಬಂದಾಗ ಈ ದೇಶದಲ್ಲಿ ಹಂಗೇ ಇರ್ಬೇಕು ಅಂದ್ಕೊಂಡೆ. ಬೆಕ್ಕಿನ ವಿಷಯ ಬಂದಾಗ ಕೋಚ್ ಹತ್ರ ಓದಿಸ್ದೆ. ಅವರು ನಕ್ಕುಬಿಟ್ರು."

"ಮತ್ತೆ ಯಾಕಪ್ಪ ಹೇಳ್ಲಿಲ್ಲ?"

"ಅಲ್ಲಿ ನಂಗೆ ಬೇರೆ ಯಾರೂ ಕಾಗದ ಬರೀತಿರ್ಲಿಲ್ಲ." ಅವನು ತಟ್ಟೆ ನೋಡುತ್ತ ಹೇಳಿದ. "ಹೇಳಿದ್ರೆ ನಿಲ್ಲಿಸ್ತೀರ ಅಂತ. ತಪ್ಪಾಯ್ತಾ?"

ತಪ್ಪೋ ಅಲ್ಲವೋ ಆರ್ಲಿಸಳಿಗೆ ಗೊತ್ತಾಗಲಿಲ್ಲ. ಕೋಪ ಬರಬೇಕಿತ್ತು ಅನಿಸಿತು, ಬರಲಿಲ್ಲ. ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

"ಅವನು ಗೊತ್ತೇನೋ ನಿಂಗೆ, ಆ ಉದ್ದನೆಯವನು?" ಎಂದು ಗೇಲನ್ ಕೇಳಿದ.

"ನಮ್ಮ ಕಡೆ ಉಬಿಯೆರಾಗಳು ಎರಡು ಬಸ್ಸು ತುಂಬ ಇದ್ದಾರೆ. ರಾಮೊನ್‌ಗಳೇ ಅರ್ಧ ಬಸ್ಸು," ಎಂದು ಹುಡುಗ ಫೋನು ತೆಗೆದ. ಅತ್ತೆಗೊಂದು ಕರೆ, ಅತ್ತೆ ಹೇಳಿದ ಕ್ಷೌರಿಕನಿಗೊಂದು ಕರೆ, ಕ್ಷೌರಿಕ ಕೊಟ್ಟ ನಂಬರಿಗೆ ಇನ್ನೊಂದು. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಫೋನಿನ ಪರದೆಯ ಮೇಲೆ ಒಂದು ಮುಖ ಬಂತು. ಗಡ್ಡ ಬಿಟ್ಟಿದ್ದ, ಕೆನ್ನೆ ತುಂಬಿಕೊಂಡಿತ್ತು, ಮೂಗಿನ ಮೇಲೆ ಬಿಳಿ ಬಣ್ಣದ ಹನಿ. ಆದರೆ ಅವನೇ.

"ಮಾಮೀ!" ಎಂದ.

ಅವನು ಕಾರುಗಳಿಗೆ ಬಣ್ಣ ಹೊಡೆಯುವ ಅಂಗಡಿಯಲ್ಲಿದ್ದ. ಇಲ್ಲಿಂದ ಹೋದ ಮರು ಮಾರ್ಚ್‌ನಲ್ಲೇ ತಂಡ ಅವನನ್ನು ಬಿಟ್ಟುಬಿಟ್ಟಿತ್ತು. ಮೊಣಕೈ ಸರಿಹೋಗಲೇ ಇಲ್ಲ. ಪಕ್ಕದಲ್ಲಿದ್ದ ಗಿಡ್ಡ ಹುಡುಗ ಇಬ್ಬರ ಮಾತನ್ನೂ ಅನುವಾದಿಸಿ ಆಚೀಚೆ ದಾಟಿಸುತ್ತಿದ್ದ.

"ನೀನ್ಯಾಕೋ ಒಂದು ಮಾತು ತಿಳಿಸ್ಲಿಲ್ಲ?" ಎಂದಳು ಆರ್ಲಿಸ್.

"ಏನಂತ ತಿಳಿಸ್ಲಿ ಮಾಮೀ?"

"ನಾನು ನೀನು ಆಡ್ತಿದ್ದೀಯ ಅಂತ ಎರಡು ವರ್ಷ ಊರಿಗೆಲ್ಲ ಹೇಳ್ಕೊಂಡು ಬಂದೆ."

ಪರದೆಯ ಮೇಲಿದ್ದವನು ಜೋರಾಗಿ ನಕ್ಕ. "ಇಲ್ಲೂ ಹಂಗೇ! ಅವನು ಹೋಮ್ ರನ್ ಹೊಡೆದಾಗೆಲ್ಲ ಜನ ಅಂಗಡಿಗೆ ಬಂದು ನಂಗೆ ಶಭಾಷ್ ಅಂತಾರೆ. ಅಲ್ರೋ, ನಾನು ಇಲ್ಲೇ ಬಣ್ಣ ಹೊಡೀತಾ ನಿಂತಿದ್ದೀನಲ್ರೋ ಅಂದ್ರೆ, ಇರ್ಲಿ ಬಿಡು ಅಂತಾರೆ."

ಇದನ್ನು ದಾಟಿಸುತ್ತಿದ್ದ ಹುಡುಗನೂ ನಕ್ಕ. ಆಮೇಲೆ ಇಬ್ಬರು ರಾಮೊನ್‌ರೂ ಅವಳನ್ನು ಮರೆತು ತಮ್ಮ ಭಾಷೆಯಲ್ಲೇ ಗಡಗಡನೆ ಮಾತಿಗಿಳಿದರು. ಆರ್ಲಿಸ್ ಒಬ್ಬನ ಮುಖದಿಂದ ಇನ್ನೊಬ್ಬನ ಮುಖಕ್ಕೆ ನೋಡುತ್ತ ಕೂತಳು. ಎರಡು ವರ್ಷ ತಾನು ಪಟ್ಟ ಸಂತೋಷ ಯಾರದು? ಇವನದೇ ಆದರೆ, ಅವನಿಗಾಗಿ ಪಡಬೇಕಿದ್ದ ದುಃಖ ಎಲ್ಲಿ ಹೋಯಿತು? ಆ ಮಾರ್ಚ್‌ನಲ್ಲಿ ಅವನು ಚೀಲ ಹೊತ್ತು ಊರಿಗೆ ಮರಳಿದ ದಿನ ತಾನೇನು ಮಾಡುತ್ತಿದ್ದೆ ಎಂದು ನೆನೆಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

ಮರುದಿನ ಓರಿನ್‌ಗೆ ಎಲ್ಲ ಹೇಳಿದಳು. ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. "ಎಡಗೈ ಅಂತ ನೀನು ಹೇಳಿದ್ದೆ. ನಾನೇ ಕೇಳ್ಲಿಲ್ಲ. ಆ ಹಾಳೆ ಹರ್ದುಬಿಡು, ಹೊಸದಾಗಿ ಬರಿ." ಅವಳು ಹರಿಯಲಿಲ್ಲ. ಯಾವ ಹಾಳೆ ಹರಿಯುವುದು, ಯಾವುದನ್ನು ಉಳಿಸುವುದು? ಇಬ್ಬರ ಅಂಕಿಗಳ ನಡುವೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಹಾಗೆಯೇ ಬಿಟ್ಟಳು.

ಗಿಡ್ಡ ರಾಮೊನ್ ಆ ಆಗಸ್ಟ್‌ನಲ್ಲಿ ಇನ್ನೊಂದು ಮೆಟ್ಟಿಲು ಏರಿ ಟೆಕ್ಸಸ್ ಕಡೆಗೆ ಹೋದ. ಊರಿನವರು ಈಗಲೂ ಅಂಗಡಿಯಲ್ಲಿ ಸಿಕ್ಕರೆ, "ನಿಮ್ಮ ಹುಡುಗ ಹೇಗಿದ್ದಾನೆ ಆರ್ಲಿಸ್?" ಎನ್ನುತ್ತಾರೆ. ಅವಳು ಚೆನ್ನಾಗಿದ್ದಾನೆ ಎನ್ನುತ್ತಾಳೆ. ವಿವರಿಸಲು ಹೋದರೆ ಕೇಳುವವರ ತಲೆ ಕೆಡುತ್ತದೆ, ತನ್ನದಂತೂ ಮೊದಲೇ.

ಸಾನ್ ಪೆದ್ರೊಗೆ ಬರೆದ ಕಾಗದ ವಿಳಾಸ ಸಾಲದೆ ವಾಪಸು ಬಂತು. ಈಗ ಭಾನುವಾರ ಚರ್ಚಿನಿಂದ ಬಂದ ಮೇಲೆ ಫೋನ್ ಮಾಡುತ್ತಾಳೆ. ಉದ್ದನೆಯವನಿಗೆ ಈಚೆಗೆ ಇಂಗ್ಲಿಷ್ ಸ್ವಲ್ಪ ಬರುತ್ತದೆ. ಮೊಣಕೈ, ಬೆಕ್ಕು, ಗೇಲನ್‌ನ ಬೆನ್ನುನೋವು, ಎಲ್ಲ ಆದ ಮೇಲೆ ಅವನೇ ಕೇಳುತ್ತಾನೆ: "ಅವನು? ಈ ವಾರ ಹೇಗೆ ಆಡಿದ?"

ಮೊದಲ ಸಲ ಕೇಳಿದಾಗ ಅವಳು ತಡವರಿಸಿದಳು. ಚೆನ್ನಾಗಿ ಆಡಿದ ಎಂದರೆ ಇವನ ಮನಸ್ಸಿಗೆ ಹೇಗಾಗುತ್ತದೋ? ಆಡಲಿಲ್ಲ ಎಂದರೆ ಒಳಗೆ ಸಮಾಧಾನವಾಗುತ್ತದೋ, ಬೇಜಾರಾಗುತ್ತದೋ? ಕೊನೆಗೆ ನೋಟ್‌ಬುಕ್ ತೆರೆದು ಇದ್ದದ್ದನ್ನು ಇದ್ದ ಹಾಗೆ ಓದಿದಳು.

"ಇಪ್ಪತ್ಮೂರು ಸಲ ಬ್ಯಾಟ್ ಹಿಡಿದ. ಒಂಬತ್ತು ಸಲ ಹೊಡೆದ. ಒಂದು ಬೇಲಿ ದಾಟ್ತು."

ಆ ಕಡೆಯಿಂದ ಯಾರೋ ತಗಡು ಬಡಿಯುವ ಸದ್ದು ಕೇಳಿಸಿತು.

"ಅದು ಒಳ್ಳೇದೇನೋ?" ಎಂದು ಅವಳೇ ಕೇಳಿದಳು.

"ಒಳ್ಳೇದು ಮಾಮೀ," ಎಂದ ರಾಮೊನ್. "ಬಹಳ ಒಳ್ಳೇದು. ಇನ್ನೊಂದ್ಸಲ ಓದಿ."

ಅವಳು ಇನ್ನೊಂದು ಸಲ ಓದಿದಳು.