ಸಿಂಧುವಿಗೆ ಟೂ ಬಿಟ್ಟ ವಾರ

ಕ್ಯಾಸಂಬಳ್ಳಿಯ ಕೋದಂಡಪ್ಪನ ಮಗಳು ಸಿಂಧುವಿಗೆ ನಗು ಬಂದರೆ ತಡೆದುಕೊಳ್ಳಲು ಆಗುವುದಿಲ್ಲ. ಚಿಕ್ಕಂದಿನಿಂದಲೂ ಹಾಗೇ. ಸತ್ಯನಾರಾಯಣ ಪೂಜೆಯ ಕತೆ ಓದುತ್ತಿದ್ದ ಪುರೋಹಿತರಿಗೆ ಆಕಳಿಕೆ ಬಂತೆಂದು ನಕ್ಕು, ಪ್ರಸಾದಕ್ಕೆ ಮುಂಚೆಯೇ ಅಂಗಳಕ್ಕೆ ಅಟ್ಟಿಸಿಕೊಂಡವಳು. ದಿನಾ ಬೆಳಿಗ್ಗೆ ಅಪ್ಪನ ಗಾಡಿಯಲ್ಲಿ ಎರಡು ಹಾಲಿನ ಕ್ಯಾನುಗಳ ನಡುವೆ ಸಿಕ್ಕಿಕೊಂಡು ಬಂಗಾರಪೇಟೆ ರಸ್ತೆಯ ಶಾಲೆಗೆ ಬರುತ್ತಾಳೆ. ಏಳನೇ ಕ್ಲಾಸು.

ಆ ನಗುವೇ ಈ ವರ್ಷ ಮುಳುವಾಯಿತು. ಜೂನಿನಲ್ಲಿ ನವ್ಯ ಎಂಬ ಹುಡುಗಿ ಮೈಸೂರಿನಿಂದ ಬಂದು ಸೇರಿದ್ದಳು. ಅವಳ ಅಪ್ಪನಿಗೆ ಕೆಜಿಎಫಿನ ಫ್ಯಾಕ್ಟರಿಯಲ್ಲಿ ಕೆಲಸ. ಬಂದ ತಿಂಗಳಿಗೇ ಕ್ಲಾಸಿನ ಹುಡುಗಿಯರೆಲ್ಲ ಅವಳ ಹಿಂದೆ. ಅವಳು ಜಡೆ ಮಡಿಚಿ ಕಟ್ಟಿದರೆ ಎಲ್ಲರ ಜಡೆಯೂ ಮಡಿಚಬೇಕು, ಅವಳಿಗೆ ಸೇರದ ಉಪ್ಪಿಟ್ಟು ಯಾರಿಗೂ ಸೇರದು. ಒಂದು ಸೋಮವಾರ ಪ್ರಾರ್ಥನೆಗೆ ನಿಂತಿದ್ದಾಗ ಗೇಟಿನಿಂದ ನುಗ್ಗಿದ ಮೇಕೆಯೊಂದು ಹಿಂದಿನಿಂದ ಬಂದು ನವ್ಯಳ ಜಡೆಯಲ್ಲಿದ್ದ ಕನಕಾಂಬರವನ್ನು ಎಳೆದು ಮೇಯತೊಡಗಿತು. ಎಲ್ಲರೂ ತುಟಿ ಕಚ್ಚಿ ಹಿಡಿದರು. ಸಿಂಧು ಮಾತ್ರ ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತಳು.

ಮಧ್ಯಾಹ್ನ ನವ್ಯ ಕಿರುಬೆರಳು ಚಾಚಿ ಅವಳಿಗೆ ಟೂ ಬಿಟ್ಟಳು. ತಾನು ಬಿಟ್ಟಿದ್ದು ಸಾಲದೆ ಕ್ಲಾಸಿಗೆಲ್ಲ ಅಪ್ಪಣೆ ಮಾಡಿದಳು.

"ಇವಳ ಜೊತೆ ಯಾರೂ ಕನ್ನಡದಲ್ಲಿ ಮಾತಾಡಬಾರದು. ಇಂಗ್ಲಿಷಲ್ಲೂ ಮಾತಾಡಬಾರದು. ಮಾತಾಡಿದ್ರೆ ಅವರಿಗೂ ಟೂ."

ಪಾಪ, ಇರುವುದೇ ಎರಡು ಬಾಗಿಲು ಅಂದುಕೊಂಡು ಎರಡಕ್ಕೂ ಚಿಲಕ ಹಾಕಿದ್ದಳು.

ಮಾತು ನಿಂತದ್ದಕ್ಕಿಂತ ಸಿಂಧುವಿಗೆ ಕೋಲಾಟದ್ದೇ ಸಂಕಟ. ಮೂರು ವರ್ಷ ಕುಳ್ಳಿ ಎಂದು ಬಿಟ್ಟಿದ್ದ ಸುಕನ್ಯ ಮಿಸ್ ಈ ಸಲ ಶಾಲೆಯ ವಾರ್ಷಿಕೋತ್ಸವಕ್ಕೆ ಎಂಟು ಹುಡುಗಿಯರಲ್ಲಿ ಅವಳನ್ನೂ ಸೇರಿಸಿದ್ದರು. ಎತ್ತರ ನೋಡಿ ಜೋಡಿ ಮಾಡಿದ್ದು ನವ್ಯಳ ಜೊತೆಗೇ. ಈಗ ಸಿಂಧು ಕೋಲು ಚಾಚಿದರೆ ನವ್ಯ ಗಾಳಿಗೆ ಹೊಡೆಯುತ್ತಾಳೆ. ಶುಕ್ರವಾರದೊಳಗೆ ಕೋಲಿಗೆ ಕೋಲು ತಾಗದಿದ್ದರೆ ಆ ಜೋಡಿಯನ್ನೇ ತೆಗೆದುಬಿಡುತ್ತೇನೆ ಎಂದು ಮಿಸ್ ಹೇಳಿದರು.

ಮಂಗಳವಾರ ಊಟದ ಹೊತ್ತಿಗೆ ಊರಿಗಾಂನ ಗಣಿ ಕಾರ್ಮಿಕರ ಲೈನು ಮನೆಗಳಿಂದ ಬರುವ ಸುಮಿತಾ ಡಬ್ಬಿ ಹಿಡಿದು ಬಂದು ಸಿಂಧುವಿನ ಪಕ್ಕ ಕೂತಳು. ನವ್ಯ ನೋಡುತ್ತಿದ್ದಂತೆಯೇ ಕೇಳಿದಳು.

"ಸಾಪ್ಟಿಯಾ ಡೀ?"

ಊಟ ಆಯಿತೇ ಎಂದು ತಮಿಳಿನಲ್ಲಿ ಕೇಳಬಾರದೆಂದು ಯಾರೂ ಹೇಳಿರಲಿಲ್ಲವಲ್ಲ. ಅಷ್ಟು ಸಾಕಾಯಿತು. ಲೈನಿನ ಹುಡುಗಿಯರು ತಮಿಳಿನಲ್ಲಿ ಶುರು ಹಚ್ಚಿದರು, ಹಳ್ಳಿಯವರು ತೆಲುಗಿನಲ್ಲಿ. ಬುಧವಾರದ ಹೊತ್ತಿಗೆ ಮನೆಯಲ್ಲಿ ಕನ್ನಡವೇ ಆಡುವವರೂ ಸಂತೆಯಲ್ಲಿ ಕಲಿತ ನಾಲ್ಕು ತೆಲುಗು ಮಾತು ಹಿಡಿದುಕೊಂಡು ಸಿಂಧುವಿನ ಬೆಂಚಿಗೆ ಬಂದರು. "ಏಮೇ ಸಿಂಧೂ, ಆ ಮೇಕ ಮಳ್ಳಿ ಒಚ್ಚಿಂದಾ?" ಮೇಕೆ ಮತ್ತೆ ಬಂತೇ ಎಂದು ಒಬ್ಬಳು ಕೇಳಿದರೆ ಸಾಕು, ಉಳಿದವರು ಬೆಂಚಿನ ಕೆಳಗೆ.

ನವ್ಯಳಿಗೆ ಅದರಲ್ಲಿ ತಿಳಿಯುತ್ತಿದ್ದದ್ದು ಮೇಕೆ ಒಂದೇ. ಅವಳಿಗೆ ಯಾರೂ ಟೂ ಬಿಟ್ಟಿರಲಿಲ್ಲ. ಆದರೂ ಗುರುವಾರ ಅವಳು ಡಬ್ಬಿ ತೆರೆದಾಗ ಸುತ್ತ ಒಬ್ಬರೂ ಇರಲಿಲ್ಲ. ಅದನ್ನು ಕಂಡು ಸಿಂಧುವಿನ ನಗು ಅರ್ಧಕ್ಕೇ ನಿಂತಿತು. ಹಾಗೆ ನಿಂತದ್ದು ಅದೇ ಮೊದಲು.

ಶುಕ್ರವಾರ ಅಭ್ಯಾಸಕ್ಕೆ ಮುಂಚೆ ನವ್ಯ ನಲ್ಲಿಯ ಹತ್ತಿರ ಸಿಂಧು, ಸುಮಿತಾ ಇದ್ದಲ್ಲಿಗೆ ಬಂದು ನಿಂತಳು.

"ಮೇಕೆ ಬಗ್ಗೆ ಏನು ಹೇಳ್ಕೊಂಡು ನಗ್ತೀರಾ? ನಂಗೂ ಹೇಳು."

ಸುಮಿತಾ ಕಳ್ಳನನ್ನು ಹಿಡಿದವಳಂತೆ ಮುಂದೆ ಬಂದಳು. "ನೀನೇ ಕನ್ನಡದಾಗೆ ಮಾತಾಡ್ಬುಟ್ಟೆ ಕಣೇ. ಈಗ ನಿಂಗೂ ಟೂ."

ನವ್ಯಳ ಕಣ್ಣು ತುಂಬಿಕೊಂಡಿತು.

"ಸುಮ್ಕಿರೇ ಸುಮಿತಾ," ಎಂದಳು ಸಿಂಧು. "ತೆಲುಗು ಏಳ್ಕೊಟ್ರೆ ಆಯ್ತು. ನವ್ಯಾ, ನಾನ್ ಅಂದಂಗೇ ಎಣ್ಸು. ಒಕಟಿ, ರೆಂಡು, ಮೂಡು, ನಾಲುಗು."

ಮಿಸ್ ಸೀಟಿ ಊದಿದರು. ನವ್ಯ ಒಕಟಿ ಎಂದಳು, ರೆಂಡು ಎಂದಳು. ಮುಂದಿನದನ್ನು ನೆನೆಸಿಕೊಳ್ಳುವ ಭರದಲ್ಲಿ ಕೋಲಿನ ಕಡೆ ನೋಡಲೇ ಇಲ್ಲ. ಪೆಟ್ಟು ನೆಟ್ಟಗೆ ಸಿಂಧುವಿನ ಬೆರಳ ಗೆಣ್ಣಿಗೆ ಬಿತ್ತು. ಸಿಂಧು ಬೆರಳನ್ನು ಬಾಯಿಗಿಟ್ಟುಕೊಂಡೇ ನಗಲು ಶುರು ಮಾಡಿದಳು. ನವ್ಯಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಮಿಸ್ ಕೈಲಿ ಗದರಿಸಿಕೊಂಡು ಮತ್ತೆ ನಿಂತಾಗ ಕೋಲಿಗೆ ಕೋಲು ಟಕ್ ಎಂದು ತಾಗಿತು.

ಸುಕನ್ಯ ಮಿಸ್, ಸರಿ, ಎಂಟೂ ಜನ ಇರಿ, ಲಂಗ ಯಾವ ಬಣ್ಣದ್ದಿರಲಿ ಎಂದು ಕೇಳಿದರು. ಎಂಟು ಹುಡುಗಿಯರೂ ಮೂರು ಭಾಷೆಯಲ್ಲಿ ಜಗಳಕ್ಕೆ ಬಿದ್ದರು.